ದೋಣಿಯ ಮೇಲೆ ಹುಕ್ಕಾ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಹೌಸ್‌ಬೋಟ್ ನೋಡಲು ಹೋಗುವ ಗುಂಪುಗಳಿಗೆ ಟಿಟಿ ಗಾಡಿ, ಬೋಟು, ರೂಮು ಹೊಂದಿಸಿಕೊಡುವ ಕೆಲಸ ನನ್ನದು. ಊಟ ವೆಜ್ಜಾ ನಾನ್‌ವೆಜ್ಜಾ ಅಂತ ತೀರ್ಮಾನ ಆದ ಮೇಲೆ ಹುಡುಗರು ಕೇಳುವ ಮುಂದಿನ ಮಾತು, "ಅಣ್ಣಾ, ಬೋಟಲ್ಲಿ ಹುಕ್ಕಾ ಹಚ್ಚಬಹುದಾ?" ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದೋಣಿಯಲ್ಲಿ ನಾವು ಹೆದರಬೇಕಾದ್ದು ಮೊದಲು ಹುಕ್ಕಾ ಮೇಲಿಡುವ ಕೆಂಡಕ್ಕೆ, ಆಮೇಲೆ ತಂಬಾಕಿಗೆ.

ನಮ್ಮ ಕೆರೆ, ಡ್ಯಾಮುಗಳಲ್ಲಿ ದೋಣಿ ಮೇಲೆ ಹುಕ್ಕಾ ಸೇದಬಹುದಾ?

ಇಲ್ಲ. ತುಮಕೂರಿನ ಅಮಾನಿಕೆರೆ ಆಗಲಿ, ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಡ್ಯಾಮ್ ಆಗಲಿ, ಕೋಲಾರಮ್ಮ ಕೆರೆ ಆಗಲಿ, ನಮ್ಮ ಕಂದವಾರ ಕೆರೆ ಆಗಲಿ, ಉತ್ತರ ಒಂದೇ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ಮಾರಾಟ, ಸೇವನೆ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ಹುಕ್ಕಾ ಅಂಗಡಿಯವರು ಹೈಕೋರ್ಟಿಗೆ ಹೋದರು. ಅದೇ ವರ್ಷ ಏಪ್ರಿಲ್‌ನಲ್ಲಿ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಆಮೇಲೆ ತಂಬಾಕು ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿ ದಂಡ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000ಕ್ಕೆ ಏರಿತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಯಿತು.

ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ನಮ್ಮ ಕೆರೆಗಳು ತುಂಬಿವೆ. ಸಂಜೆಯಾದರೆ ಹುಡುಗರು ಯಾರದೋ ತೆಪ್ಪ ಇಳಿಸಿ ರೀಲ್ಸ್ ಮಾಡುವುದೂ ಜಾಸ್ತಿಯಾಗಿದೆ. ಅದರ ಮೇಲೆ ಹುಕ್ಕಾ ಇಟ್ಟು ವಿಡಿಯೊ ಹಾಕಿದರೆ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ.

ನಿಕೋಟಿನ್ ಇಲ್ಲದ ಹರ್ಬಲ್ ಹುಕ್ಕಾ ಆದ್ರೆ?

ರಾಜ್ಯದ ಆದೇಶದಲ್ಲಿ ನಿಕೋಟಿನ್ ಇರುವುದು, ಇಲ್ಲದ್ದು, ಫ್ಲೇವರ್ ಹಾಕಿದ್ದು, ಹಾಕದ್ದು ಎಲ್ಲ ಸೇರಿದೆ. ಕಾನೂನು ಬಿಡಿ. ಹರ್ಬಲ್ ಆದರೂ ಮೇಲೆ ಇಡುವುದು ಅದೇ ಕೆಂಡ ಅಲ್ವಾ? ವಿಷದ ಗಾಳಿ ಬರುವುದು ಅಲ್ಲಿಂದ.

ಕೆಂಡವೇ ಬೇಡ, ಬ್ಯಾಟರಿ ಹುಕ್ಕಾ ತಂದ್ರೆ?

ಇ-ಸಿಗರೇಟ್ ನಿಷೇಧ ಕಾಯ್ದೆ 2019ರದ್ದು, ಇಡೀ ದೇಶಕ್ಕೆ ಅನ್ವಯ. ಅದರಲ್ಲಿ ಇ-ಹುಕ್ಕಾ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಮಾರುವ ಹಾಗಿಲ್ಲ, ತರಿಸುವ ಹಾಗಿಲ್ಲ, ದಾಸ್ತಾನು ಇಡುವ ಹಾಗಿಲ್ಲ.

ರಾಜ್ಯದ ಆಚೆ ಹೋದ ಮೇಲೆ ಯಾರೂ ಕೇಳಲ್ಲ ಅಲ್ವಾ?

ಕೇಳುತ್ತಾರೆ. 2003ರ ಕೇಂದ್ರ ತಂಬಾಕು ಕಾಯ್ದೆ ಎಲ್ಲ ಕಡೆಗೂ ಇದೆ. ಸಾರ್ವಜನಿಕ ವಾಹನ ಅದರಲ್ಲಿ ಸಾರ್ವಜನಿಕ ಸ್ಥಳದ ಪಟ್ಟಿಗೇ ಸೇರಿದೆ. ಟಿಕೆಟ್ ಕೊಟ್ಟು ಹತ್ತುವ ದೋಣಿಯಲ್ಲಿ ಬೀಡಿಯನ್ನೂ ಹಚ್ಚುವ ಹಾಗಿಲ್ಲ, ಇನ್ನು ಹುಕ್ಕಾ ಎಲ್ಲಿ ಬಂತು. ತೆಲಂಗಾಣ ಕೂಡ 2024ರಲ್ಲೇ ಹುಕ್ಕಾ ಪಾರ್ಲರ್‌ಗಳನ್ನು ನಿಷೇಧಿಸಿತು. ಒಂದೊಂದು ರಾಜ್ಯದ ನಿಯಮ ಒಂದೊಂದು ಥರ.

ಇಡೀ ಹೌಸ್‌ಬೋಟನ್ನೇ ನಿಮ್ಮ ಗುಂಪು ಬುಕ್ ಮಾಡಿದ್ದರೂ ಅಡ್ವಾನ್ಸ್ ಕಳಿಸುವ ಮೊದಲೇ ಮಾಲೀಕರನ್ನು ಕೇಳಿ. ನಾನು ಮಾತಾಡಿದ ಹೆಚ್ಚಿನ ಮಾಲೀಕರು ಕೇಳಿದ ತಕ್ಷಣ ಬೇಡ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಹೋಗಿ ರಾತ್ರಿ ಹಚ್ಚುವ ಯೋಚನೆ ಇದ್ದರೆ ದಯವಿಟ್ಟು ಬುಕಿಂಗ್‌ಗೆ ನನ್ನ ಹತ್ತಿರ ಬರಬೇಡಿ.

ನೆಲದ ಮೇಲೆ ಸೇದೋದಕ್ಕೂ ದೋಣಿ ಮೇಲೆ ಸೇದೋದಕ್ಕೂ ಏನು ವ್ಯತ್ಯಾಸ? ಸುತ್ತ ನೀರೇ ಇದೆಯಲ್ಲ!

ಸುತ್ತ ನೀರಿದೆ, ನೀವು ಕೂತಿರುವುದು ಮಾತ್ರ ಸೌದೆಯ ಮೇಲೆ. ಕೇರಳದ ಕೆಟ್ಟುವಳ್ಳಂ ಅನ್ನುವ ಹೌಸ್‌ಬೋಟ್ ನೋಡಿ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿರುತ್ತಾರೆ. ಮೇಲೆ ಗೇರುಬೀಜದ ಎಣ್ಣೆಯ ಲೇಪ. ಚಾವಣಿಗೆ ಬಿದಿರು, ಹೆಣೆದ ಚಾಪೆ. ಕಾಶ್ಮೀರದ ದಾಲ್ ಸರೋವರದ ಹೌಸ್‌ಬೋಟು ದೇವದಾರು ಮರದ್ದು, ಒಳಗೆಲ್ಲ ಕಾರ್ಪೆಟ್ಟು, ಪರದೆ. 2023ರ ನವೆಂಬರ್ 11ರ ಬೆಳಗಿನ ಜಾವ ಅಲ್ಲಿ ಬೆಂಕಿ ಹತ್ತಿ ಹೌಸ್‌ಬೋಟುಗಳು ಒಂದರ ಪಕ್ಕ ಒಂದು ಉರಿದುಹೋದವು. ಬಾಂಗ್ಲಾದೇಶದ 3 ಪ್ರವಾಸಿಗರು ಸತ್ತರು. ಅದು ಹುಕ್ಕಾದಿಂದ ಆಗಿದ್ದು ಅಂತ ನಾನು ಹೇಳುತ್ತಿಲ್ಲ. ಮರದ ದೋಣಿ ಎಷ್ಟು ಬೇಗ ಉರಿಯುತ್ತದೆ ಅನ್ನುವುದಕ್ಕೆ ಹೇಳಿದೆ. ಫೈಬರ್ ಬೋಟಾದರೆ ಪರವಾಗಿಲ್ಲ ಅಂದುಕೊಳ್ಳಬೇಡಿ. ಅದರ ರೆಸಿನ್ ಕೂಡ ಉರಿಯುತ್ತದೆ, ಕಪ್ಪು ಹೊಗೆ ಕಾರುತ್ತದೆ.

ಕೆಂಪಗೆ ಹೊಳೆಯುತ್ತಿರುವ ಕೆಂಡ 500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹುಕ್ಕಾ ಎತ್ತರ, ಬುಡ ಸಣ್ಣದು. ಪಕ್ಕದಲ್ಲಿ ಒಂದು ಸ್ಪೀಡ್ ಬೋಟ್ ಹೋದರೆ ಸಾಕು, ಅಲೆಗೆ ಹೌಸ್‌ಬೋಟ್ ಸುಮ್ನೆ ಒಮ್ಮೆ ತೂಗುತ್ತದೆ. ಯಾರದೋ ಮೊಣಕಾಲಿಗೆ ಪೈಪು ಸಿಕ್ಕಿಕೊಂಡಿರುತ್ತದೆ. ಒಂದಿಂಚಿನ ಕೆಂಡ ಉರುಳಿ ಚಾಪೆಯ ಅಡಿಗೆ ಹೋಗುತ್ತದೆ. ಬೋಟಿನಲ್ಲಿ ಚಪ್ಪಲಿ ಬಿಟ್ಟು ಎಲ್ಲರೂ ಬರಿಗಾಲಲ್ಲಿ ಇರುತ್ತಾರೆ ಬೇರೆ. ಎಲ್ಲರ ಕಣ್ಣೂ ಕಾಣುವ ಕೆಂಡದ ಮೇಲೆ. ಮೂರಿತ್ತು, ಎರಡು ಸಿಕ್ಕಿತು, ಇನ್ನೊಂದು ನೀರಿಗೆ ಬಿದ್ದಿರಬೇಕು ಅಂತ ಯಾರೋ ಹೇಳಿ ಮಾತು ಮುಗಿಸುತ್ತಾರೆ.

ತಿಪಟೂರು, ಗುಬ್ಬಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಸೊಳ್ಳೆಗೆ ಅಂತ ತೆಂಗಿನ ಸಿಪ್ಪೆಗೆ ಒಂದು ಕೆಂಡ ತಾಗಿಸಿ ಬಂದರೆ ಉರಿ ಏಳದೆ ರಾತ್ರಿಯೆಲ್ಲ ಒಳಗೊಳಗೇ ಸುಡುತ್ತಾ ಇರುತ್ತದೆ. ದೋಣಿಯ ಹಗ್ಗವೂ ಅದೇ ನಾರು. ಕೆಂಡ ಬಿದ್ದದ್ದು ರಾತ್ರಿ 9ಕ್ಕೆ, ಉರಿ ಎದ್ದದ್ದು ಎಲ್ಲರೂ ಮಲಗಿದ ಮೇಲೆ 2ಕ್ಕೆ, ಹೀಗೂ ಆಗಬಹುದು. ಎಣಿಸಿದ ಕೆಂಡ ಎಣಿಸಿದಷ್ಟೇ ವಾಪಸ್ ಸಿಗುವ ತನಕ ಹುಡುಕಬೇಕು.

ಹೊಗೆ ಗಾಳಿಗೆ ಹೋಗುತ್ತೆ. ವಿಷದ ಗಾಳಿ ಅಂತ ಯಾಕೆ ಹೆದರಿಸ್ತೀರಿ?

ಕಾಣುವ ಹೊಗೆಯ ಮಾತಲ್ಲ ಇದು. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ.

ರೇಷ್ಮೆ ಮಾಡುವ ಮನೆಯವರಿಗೆ ಇದು ಹೊಸದಲ್ಲ. ಚಳಿಗಾಲದಲ್ಲಿ ಹುಳು ಮನೆ ಬಿಸಿ ಮಾಡಲು ಇದ್ದಿಲ ಒಲೆ ಇಡುತ್ತಾರೆ. ಆದರೆ ಕಿಟಕಿ ಪೂರ್ತಿ ಮುಚ್ಚಬೇಡಿ, ಒಳಗೆ ಮಲಗಬೇಡಿ ಅಂತ ರೇಷ್ಮೆ ಇಲಾಖೆಯವರೂ ಹೇಳುತ್ತಾರೆ, ಮನೆಯ ಹಿರಿಯರೂ ಹೇಳುತ್ತಾರೆ. ಒಲೆಯ ಗಾಳಿ ಕಟ್ಟಿಕೊಂಡರೆ ಹುಳು ಸೊಪ್ಪು ತಿನ್ನುವುದು ಬಿಡುತ್ತದೆ. ಹುಳುವಿಗೆ ಆಗದ ಗಾಳಿ ನಿಮ್ಮ ಪುಪ್ಪುಸಕ್ಕೆ ಆಗುತ್ತದೆಯೇ?

ದೋಣಿ ಬಯಲಿನಲ್ಲಿದೆ ಅನ್ನುವುದು ಅರ್ಧ ನಿಜ. ಸಂಜೆ ಸೊಳ್ಳೆ ಬಂತು ಅಂತ ಪರದೆ ಇಳಿಸುತ್ತಾರೆ. ಮಳೆ ಬಂತು ಅಂತ ಪ್ಲಾಸ್ಟಿಕ್ ಶೀಟ್ ಎಳೆಯುತ್ತಾರೆ. ಮೂರು ಕಡೆ ಮುಚ್ಚಿದ ಮೇಲೆ ಅದು ಬಯಲಲ್ಲ, ರೂಮು. ಜೊತೆಗೆ ಬೋಟಿನ ಎಂಜಿನ್ನು, ಜನರೇಟರ್ ಕೂಡ ಇದೇ ಅನಿಲವನ್ನು ಬಿಡುತ್ತವೆ. ದೋಣಿ ಮುಂದೆ ಹೋಗುವಾಗ ಹಿಂದೆ ಬಿಟ್ಟ ಹೊಗೆಯನ್ನು ಗಾಳಿ ಸುಳಿ ತಿರುಗಿಸಿ ಮತ್ತೆ ಒಳಕ್ಕೇ ತರುತ್ತದೆ. ಇದರ ಜೊತೆ ಹುಕ್ಕಾ ಸೇದುವವನು ಕೆಂಡದ ಮೇಲಿನ ಗಾಳಿಯನ್ನು ನೇರವಾಗಿ ಎದೆಗೆ ಎಳೆದುಕೊಳ್ಳುತ್ತಿರುತ್ತಾನೆ. ಒಂದು ಗಂಟೆಯ ಹುಕ್ಕಾದಲ್ಲಿ ಒಳಗೆ ಹೋಗುವ ಹೊಗೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ನೀರಲ್ಲಿ ಹಾದು ಬರುತ್ತಲ್ಲ, ಸೋಸಲ್ವಾ?

ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಅಷ್ಟೇ. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ನಿಲ್ಲುವುದಿಲ್ಲ. ತಣ್ಣಗಿರುವುದರಿಂದ ಗಂಟಲು ಉರಿಯುವುದಿಲ್ಲ, ಅದಕ್ಕೇ ಜನ ಇನ್ನೂ ಆಳವಾಗಿ ಎಳೆಯುತ್ತಾರೆ.

ರಾತ್ರಿ ಎಸಿ ಕ್ಯಾಬಿನ್ ಒಳಗೆ ಇಟ್ಟುಕೊಂಡ್ರೆ?

ಇದಕ್ಕೆ ಮಾತ್ರ ಚರ್ಚೆಯೇ ಇಲ್ಲ. ಬೇಡ. ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಹೊರಗಿನದ್ದು ತರುವುದಿಲ್ಲ. ಸೇದಿ ಮುಗಿದ ಹುಕ್ಕಾವನ್ನು ಮಳೆಗೆ ನೆನೆಯುತ್ತದೆ ಅಂತ ಒಳಗೆ ತಂದಿಡುವುದೂ ಅಷ್ಟೇ ಅಪಾಯ. ಬೂದಿ ಮುಚ್ಚಿದ ಕೆಂಡ ಹೊರಗೆ ಬೆಳ್ಳಗೆ ಕಾಣುತ್ತದೆ, ಒಳಗೆ ಜೀವ ಇರುತ್ತದೆ. ಎಚ್ಚರ ಇದ್ದವನಿಗೆ ತಲೆನೋವಾದರೂ ಬರುತ್ತದೆ. ಮಲಗಿದವನಿಗೆ ಗೊತ್ತೇ ಆಗುವುದಿಲ್ಲ.

ತಿಪಟೂರಿನ ಕರಟದ ಇದ್ದಿಲು ಒಳ್ಳೇದು ಅಂತಾರೆ. ನಿಜವಾ?

ಕರಟದ ಇದ್ದಿಲು ಗಟ್ಟಿ, ಕಿಡಿ ಕಮ್ಮಿ, ನಿಧಾನಕ್ಕೆ ಉರಿಯುತ್ತದೆ. ಕಡ್ಡಿ ಗೀರಿದ ಕೂಡಲೇ ಹತ್ತಿಕೊಳ್ಳುವ ದುಂಡು ಬಿಲ್ಲೆಗಳಿಗಿಂತ ವಾಸಿ. ಆ ಬಿಲ್ಲೆಗಳಲ್ಲಿ ಬೇಗ ಹತ್ತಲಿ ಅಂತ ಪಟಾಕಿಯಲ್ಲಿ ಹಾಕುವಂಥ ಉಪ್ಪು ಸೇರಿಸಿರುತ್ತಾರೆ. ಹಚ್ಚಿದಾಗ ಚಟಪಟ ಕಿಡಿ ಹಾರುತ್ತದೆ. ದೋಣಿಗೆ ಅದು ಬೇಡವೇ ಬೇಡ. ಆದರೆ ಬೆಂಕಿಯ ಲೆಕ್ಕದಲ್ಲಿ ವಾಸಿ ಅಂದ ಮಾತ್ರಕ್ಕೆ ವಿಷದ ಲೆಕ್ಕದಲ್ಲೂ ವಾಸಿ ಅಂತಲ್ಲ. ಕರಟದ ಕೆಂಡ ನಿಧಾನವಾಗಿ ಉರಿಯುತ್ತಾ ಹೆಚ್ಚು ಹೊತ್ತು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ.

ಕಾನೂನು ಬಿಡುವ ಕಡೆ, ಮಾಲೀಕರೂ ಒಪ್ಪಿದರೆ, ಹೇಗೆ ಹಚ್ಚಬೇಕು?

ಅಪಾಯ ಪೂರ್ತಿ ಹೋಗುವುದಿಲ್ಲ, ಕಮ್ಮಿ ಮಾಡಬಹುದು. ನನ್ನನ್ನು ಕೇಳಿದರೆ ದಡಕ್ಕೆ ಇಳಿದು ಮಣ್ಣಿನ ನೆಲದ ಮೇಲೆ ಕೂರುವುದೇ ಮೇಲು. ಕೇರಳದಲ್ಲಿ ಸಂಜೆ ಐದೂವರೆ, ಆರಕ್ಕೆಲ್ಲ ಬೋಟನ್ನು ದಡಕ್ಕೆ ಕಟ್ಟುತ್ತಾರೆ. ರಾತ್ರಿ ಮೀನುಗಾರರು ಬಲೆ ಬಿಡುತ್ತಾರಲ್ಲ, ಅದಕ್ಕೆ. ಹಾಗಾಗಿ ಹತ್ತು ಹೆಜ್ಜೆ ಇಳಿಯುವುದು ಕಷ್ಟವೇನಲ್ಲ.

ದೋಣಿಯಲ್ಲೇ ಅಂದರೆ, ಮೊದಲು ದೋಣಿ ಕಟ್ಟಿರಬೇಕು. ಎಂಜಿನ್ನು, ಜನರೇಟರ್ ಎರಡೂ ನಿಂತಿರಬೇಕು. ಮೇಲಿನ ತೆರೆದ ಡೆಕ್ಕು, ಪರದೆ ಎಲ್ಲ ಎತ್ತಿ ಕಟ್ಟಿದ್ದು. ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ, ಆ ಕಡೆಯ ಅಂಚಿನಲ್ಲಿ ಹುಕ್ಕಾ ಇಡಿ. ಕಿಡಿ ಹಾರಿದರೆ ನೀರಿಗೆ ಹೋಗಲಿ, ಚಾವಣಿಗೆ ಬೇಡ. ಗಿಡ್ಡ, ಅಗಲ ಬುಡದ ಹುಕ್ಕಾವೇ ಆಗಬೇಕು. ಅದನ್ನು ಅಂಚು ಎತ್ತರ ಇರುವ ಕಬ್ಬಿಣದ ತಟ್ಟೆಯಲ್ಲಿ ಎರಡಿಂಚು ಮರಳು ಹಾಕಿ ಅದರಲ್ಲಿ ಹೂತ ಹಾಗೆ ಕೂರಿಸಿ. ಚಿಲುಮೆಯ, ಅಂದರೆ ತಂಬಾಕು ತುಂಬುವ ಮೇಲಿನ ಬಟ್ಟಲಿನ, ಮೇಲೆ ಲೋಹದ ಗಾಳಿ ಮುಚ್ಚಳ ಇರಲಿ. ಅಲ್ಯೂಮಿನಿಯಂ ಹಾಳೆ ಸುತ್ತಿ ಅದರ ಮೇಲೆ ಕೆಂಡ ಬಿಡಿಬಿಡಿಯಾಗಿ ಇಡುವುದು ಮನೆಯಲ್ಲೇ ಬೀಳುತ್ತದೆ, ಇನ್ನು ದೋಣಿಯಲ್ಲಿ?

ಕೆಂಡ ಮಾಡುವುದು ದಡದಲ್ಲಿ. ಪೂರ್ತಿ ಬೂದಿ ಹಿಡಿದ ಮೇಲೆ ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ತನ್ನಿ. ಎಷ್ಟು ತಂದಿರಿ ಅಂತ ಎಣಿಸಿ. ಕೆಂಡ ಮುಟ್ಟುವುದು ಒಬ್ಬನೇ, ಅವನು ಕುಡಿದಿರಬಾರದು, ಕೈಯಲ್ಲಿ ಇಕ್ಕಳ ಇರಬೇಕು. ಪಕ್ಕದಲ್ಲಿ ತುಂಬಿದ ಬಕೆಟ್ ನೀರು. ಬೋಟಿನ ಫೈರ್ ಎಕ್ಸ್‌ಟಿಂಗ್ವಿಷರ್ ಎಲ್ಲಿದೆ ಅಂತ ಮೊದಲೇ ನೋಡಿ, ಅದರ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ಅಂತಲೂ ನೋಡಿ. ಹಚ್ಚಿದ ಹುಕ್ಕಾವನ್ನು ಎತ್ತಿ ಇನ್ನೊಂದು ಕಡೆ ಇಡಬೇಡಿ. ಜಾಗ ಬದಲಾಯಿಸುವುದಾದರೆ ಜನ ಬದಲಾಯಿಸಲಿ.

ಬೋಟಿನ ಅಡುಗೆಮನೆಯ ಗ್ಯಾಸ್ ಮೇಲೆ ಕೆಂಡ ಮಾಡಬಹುದಾ?

ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆಗೆದಾಗ ಹೊರಗೆ ಹೋಗುತ್ತದೆ. ದೋಣಿಯಲ್ಲಿ ಹಲಗೆಯ ಸಂದಿಯಿಂದ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲೆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅಡುಗೆಯವರಿಗೆ ಅವರ ಒಲೆಯ ಸ್ವಭಾವ ಗೊತ್ತು, ನಮಗೆ ಗೊತ್ತಿಲ್ಲ.

ಸ್ಪೀಡ್ ಬೋಟು, ಶಿಕಾರ ಅನ್ನೋ ಸಣ್ಣ ದೋಣಿ, ತೆಪ್ಪ?

ಮೂರರಲ್ಲೂ ಬೇಡ. ಪೆಟ್ರೋಲಿನ ಆವಿಯೂ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ತೆಪ್ಪದಲ್ಲಿ ಒಬ್ಬ ಕಾಲು ಚಾಚಿದರೆ ಎಲ್ಲರೂ ವಾಲುತ್ತಾರೆ.

ತೆಪ್ಪೋತ್ಸವದಲ್ಲಿ ದೀಪ, ಕರ್ಪೂರ ಎಲ್ಲ ಹಚ್ಚುತ್ತಾರಲ್ಲ?

ಈ ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಅಲ್ಲಿ ಮಂಗಳಾರತಿ ತಟ್ಟೆ ಹಿಡಿದ ಪೂಜಾರಿ ನಿಂತಿರುತ್ತಾರೆ, ಕರ್ಪೂರ ಎರಡು ನಿಮಿಷಕ್ಕೆ ಮುಗಿಯುತ್ತದೆ, ದಡದ ತುಂಬ ಜನ ನೋಡುತ್ತಿರುತ್ತಾರೆ. ದೇವರ ಮುಂದೆ ಯಾರೂ ಒಂದು ಗಂಟೆ ಕೆಂಡ ಇಟ್ಟುಕೊಂಡು ಒರಗಿ ಕೂತಿರುವುದಿಲ್ಲ.

ಸೇದುವಾಗ ತಲೆ ಸುತ್ತು ಬಂತು. ಅದು "ಕಿಕ್" ಅಲ್ವಾ?

ಕೆಲವು ಸಲ ನಿಕೋಟಿನ್, ಕೆಲವು ಸಲ ವಿಷದ ಗಾಳಿ. ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಬಲ ಇಲ್ಲದ ಹಾಗೆ ಆಗುವುದು, ಏನೋ ಮಂಕು, ಇವು ಕಾರ್ಬನ್ ಮಾನಾಕ್ಸೈಡಿನ ಗುರುತುಗಳು. ಒಂದೇ ಕಡೆ ಕೂತ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಊಟದ ಮೇಲೆ ತಪ್ಪು ಹಾಕಬೇಡಿ.

ಕೂಡಲೇ ಪೈಪು ಕೆಳಗಿಡಿ. ಆದರೆ ಎದ್ದು ಅಂಚಿಗೆ ಹೋಗಿ ಬಗ್ಗಬೇಡಿ. ದೋಣಿಯಲ್ಲಿ ಜನ ನೀರಿಗೆ ಬೀಳುವುದು ಹೀಗೇ. ಒಂದು ಕಡೆ ಎಣ್ಣೆ, ಒಂದು ಕಡೆ ಹುಕ್ಕಾ, ವಾಂತಿ ಬಂತು ಅಂತ ಕಟಾಂಜನಕ್ಕೆ ಒರಗುತ್ತಾರೆ. ಕುಳಿತಲ್ಲೇ ಇರಿ, ಲೈಫ್ ಜಾಕೆಟ್ ಹಾಕಿಸಿ, ಬೇರೆಯವರು ಹುಕ್ಕಾವನ್ನು ಆರಿಸಲಿ. ಗಾಳಿ ಬರುವ ಕಡೆಗೆ ಹಿಡಿದುಕೊಂಡು ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ, ಎದೆನೋವು ಅಂದರೆ ಸ್ರಾಂಕ್‌ಗೆ, ಅಂದರೆ ಬೋಟ್ ಓಡಿಸುವವರಿಗೆ ಹೇಳಿ ಹತ್ತಿರದ ದಡಕ್ಕೆ ಹೋಗಿ 108 ಅಥವಾ 112ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಇದ್ದಿಲಿನ ಹೊಗೆ ಅಂತ ಬಾಯಿಬಿಟ್ಟು ಹೇಳಿ. ನಾಚಿಕೆಗೆ ಮುಚ್ಚಿಟ್ಟರೆ ಡಾಕ್ಟರು ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ಕೊಟ್ಟು ಕಳಿಸಬಹುದು. ಸುಮ್ನೆ ಗಾಳಿಯಲ್ಲಿ ಕೂತರೆ ರಕ್ತದಲ್ಲಿನ ಆ ವಿಷ ಅರ್ಧಕ್ಕೆ ಇಳಿಯಲು 4-5 ಗಂಟೆ ಬೇಕು. ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಕೊರೊನಾ ಟೈಮಿನಲ್ಲಿ ಕೊಂಡ ಆಕ್ಸಿಮೀಟರ್ ಇದೆ. ಅದರಲ್ಲಿ 98 ತೋರಿಸಿದ್ರೆ ಸರಿ ಅಲ್ವಾ?

ಸರಿ ಅಲ್ಲ. ಬೆರಳಿಗೆ ಹಾಕುವ ಆ ಯಂತ್ರಕ್ಕೆ ಆಮ್ಲಜನಕ ಅಂಟಿದ ರಕ್ತಕ್ಕೂ ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಚೆನ್ನಾಗಿದೆ ಅಂತ ತೋರಿಸುತ್ತದೆ. ಆ ನಂಬರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಅದನ್ನು ಅಳೆಯಲು ಆಸ್ಪತ್ರೆಯಲ್ಲಿ ಬೇರೆ ರಕ್ತಪರೀಕ್ಷೆ ಇದೆ.

ಮಕ್ಕಳು, ಬಸುರಿ ಹೆಂಗಸರು ಜೊತೆಗಿದ್ರೆ?

ಅವರಿರುವ ದೋಣಿಯಲ್ಲಿ ಕೆಂಡವೇ ಹಚ್ಚಬೇಡಿ. ಹೊಟ್ಟೆಯೊಳಗಿನ ಮಗುವಿನ ರಕ್ತಕ್ಕೆ ಈ ಅನಿಲ ತಾಯಿಯ ರಕ್ತಕ್ಕಿಂತ ಗಟ್ಟಿಯಾಗಿ ಅಂಟುತ್ತದೆ, ಬಿಡುವುದೂ ನಿಧಾನ.

ಒಂದೇ ಪೈಪು ಎಲ್ಲರೂ ಸೇದಿದ್ರೆ?

ಬಾಯಿಗೆ ಇಡುವ ಪ್ಲಾಸ್ಟಿಕ್ ತುದಿ ಬದಲಾಯಿಸಿದರೂ ಪೈಪಿನ ಒಳಗು ಅದೇ. ಎಂಜಲಿನಿಂದ ಬರುವ ತುಟಿಯ ಹುಣ್ಣಿನ ಸೋಂಕು, ಟಿಬಿ ಹೀಗೆ ಹರಡಬಹುದು. ನಮ್ಮ ಮನೆಗಳಲ್ಲಿ ಲೋಟ ಎತ್ತಿ ಕುಡಿಯುವುದನ್ನು ಕಲಿಸಿರುತ್ತಾರೆ, ಇಲ್ಲಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ದೋಣಿಗೆ ಬೆಂಕಿ ಹತ್ತಿದರೆ ಮೊದಲು ಏನು ಮಾಡಬೇಕು?

ಕೂಗಿ. ಮಾಡುವ ಮೊದಲ ಕೆಲಸ ಅದು. ಬೈಸಿಕೊಳ್ಳುತ್ತೇವೆ ಅಂತ ತಾವೇ ಟವೆಲ್ಲಿನಲ್ಲಿ ಬಡಿಯುತ್ತಾ ನಿಲ್ಲುವವರಿದ್ದಾರೆ. ಅಷ್ಟರಲ್ಲಿ ಚಾವಣಿಗೆ ಹೋಗಿರುತ್ತದೆ. ಚಾಪೆ, ಹಾಸಿಗೆಯ ಮೇಲೆ ಬಿದ್ದ ಕೆಂಡಕ್ಕೆ ನೀರು ಸುರಿಯಿರಿ, ಆಮೇಲೆ ಚಾಪೆ ಎತ್ತಿ ಅಡಿಗೂ ಸುರಿಯಿರಿ. ಎಣ್ಣೆ, ಪೆಟ್ರೋಲಿನ ಬೆಂಕಿಗೆ ನೀರು ಹಾಕಬೇಡಿ, ಪುಡಿಯ ಎಕ್ಸ್‌ಟಿಂಗ್ವಿಷರ್ ಬಳಸಿ. ಸಿಬ್ಬಂದಿ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಎಂಜಿನ್ ನೋಡಿಕೊಳ್ಳುತ್ತಾರೆ. ನೀವು ಲೈಫ್ ಜಾಕೆಟ್ ಹಾಕಿಕೊಂಡು, ಗಾಳಿ ಎದುರಿಗೆ ಬರುವ ತುದಿಗೆ ಹೋಗಿ. ಮೊಬೈಲು, ಬ್ಯಾಗು ತರಲು ಕ್ಯಾಬಿನ್ನಿಗೆ ವಾಪಸ್ ಹೋಗಬೇಡಿ. ದೋಣಿ ಹತ್ತಿದ ಕೂಡಲೇ ಜಾಕೆಟ್‌ಗಳು ಎಲ್ಲಿವೆ, ತಲೆಗೊಂದು ಇದೆಯಾ ಅಂತ ನೋಡಿಕೊಂಡಿದ್ದರೆ ಈಗ ಹುಡುಕುವ ಗೋಳು ಇರುವುದಿಲ್ಲ.

ದೇವನಹಳ್ಳಿಯಿಂದ ಫ್ಲೈಟಿನಲ್ಲಿ ಹೋಗ್ತೀವಿ. ಇದ್ದಿಲು ಬ್ಯಾಗಿನಲ್ಲಿ ಹಾಕಬಹುದಾ?

ಇಲ್ಲ. ಇದ್ದಿಲು ತಾನಾಗಿ ಬಿಸಿಯಾಗಿ ಹತ್ತಿಕೊಳ್ಳುವ ವಸ್ತುಗಳ ಸಾಲಿಗೆ ಬರುತ್ತದೆ. ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ.

ಉಳಿದ ಕೆಂಡ, ಬೂದಿ ನೀರಿಗೆ ಎಸೆದ್ರೆ ಮುಗೀತಲ್ಲ?

ಎಸೆಯಬೇಡಿ. ಎದುರುಗಾಳಿಗೆ ಎಸೆದ ಕಿಡಿ ವಾಪಸ್ ನಿಮ್ಮ ದೋಣಿಗೋ ಪಕ್ಕದಲ್ಲಿ ಕಟ್ಟಿದ ದೋಣಿಗೋ ಬರುತ್ತದೆ. ಫ್ಲೇವರಿನ ಅಂಟು, ಅಲ್ಯೂಮಿನಿಯಂ ಹಾಳೆ ನೀರಿಗೆ ಹೋದರೆ ಅಲ್ಲಿ ಮೀನು ಹಿಡಿದು ಬದುಕುವವರ ಪಾಲಿಗೆ ಕಸ. ತಂದ ಕೆಂಡವನ್ನೆಲ್ಲ ಎಣಿಸಿ ಕಬ್ಬಿಣದ ಬಕೆಟ್ಟಿಗೆ ಹಾಕಿ, ಪೂರ್ತಿ ಮುಳುಗುವಷ್ಟು ನೀರು ಹಾಕಿ. ಚುಂಯ್ ಅನ್ನುವುದು ನಿಂತ ಮೇಲೂ ಇಕ್ಕಳದಲ್ಲಿ ಒಂದೊಂದನ್ನೇ ಒಡೆದು ಒಳಗೆ ಕೆಂಪಿದೆಯಾ ನೋಡಿ. ರಾತ್ರಿಯೆಲ್ಲ ಆ ಬಕೆಟ್ ಡೆಕ್ಕಿನ ಹೊರಗಡೆಯೇ ಇರಲಿ. ಬೆಳಿಗ್ಗೆ ದಡಕ್ಕೆ ಇಳಿದಾಗ ಕಸದ ಜಾಗಕ್ಕೆ ಹಾಕಿದರಾಯಿತು.